ಮಾಯದ ಗಾಯ ಮತ್ತು ಕಿಣ್ವಗಳು

ಆಟವಾಡಿ ಮಂಡಿ ತರಚಿಕೊಂಡ ಮಗುವಿನ ಗಾಯ ಕೆಲವೇ ದಿನಗಳಲ್ಲಿ ಹಕ್ಕಳೆ ಕಟ್ಟಿ ಉದುರುತ್ತದೆ. ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು ಹಾಗಲ್ಲ. ಅಂಚು ಬೆಳ್ಳಗೆ ಗಡುಸಾಗಿ, ನಡುವೆ ಹಳದಿ ಲೋಳೆ ಅಂಟಿಕೊಂಡು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಎರಡೂ ಕಡೆ ದುಡಿಯುವುದು ಅವೇ ಕಿಣ್ವಗಳು. ಒಂದು ಕಡೆ ಕೆಲಸ ಮುಗಿಸಿ ಹಿಂದೆ ಸರಿಯುತ್ತವೆ, ಇನ್ನೊಂದು ಕಡೆ ಸರಿಯುವುದಿಲ್ಲ.

ಕತ್ತರಿಸುವ ಕೆಲಸ

ಗಾಯವಾದೊಡನೆ ರಕ್ತ ಹೆಪ್ಪುಗಟ್ಟಲು ಥ್ರಾಂಬಿನ್ ಎಂಬ ಕಿಣ್ವ ಬೇಕು. ಮುಂದೆ ಆ ಹೆಪ್ಪನ್ನು ಕರಗಿಸುವುದು ಪ್ಲಾಸ್ಮಿನ್. ಕೊಲಾಜನ್ ಎಂಬ ಪ್ರೋಟೀನಿನ ಹಾಳಾದ ಎಳೆಗಳನ್ನು ಕತ್ತರಿಸಿ ಹೊಸ ಜೀವಕೋಶಗಳಿಗೆ ದಾರಿ ಬಿಡಿಸುವುದು ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್, ಅಂದರೆ ಎಂಎಂಪಿ ಗುಂಪಿನ ಕಿಣ್ವಗಳು. ಇವು ಕೆಲಸ ಮಾಡಲು ಸತು ಬೇಕೇ ಬೇಕು. ಈ ಗುಂಪಿನ ಮೊದಲ ಸುಳಿವು ಸಿಕ್ಕಿದ್ದು ಗೊದಮೊಟ್ಟೆಯ ಬಾಲದಲ್ಲಿ. ಕಪ್ಪೆಯಾಗುವಾಗ ಆ ಬಾಲ ಕರಗುವುದು ಹೇಗೆಂದು ಹುಡುಕುತ್ತ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ 1962ರಲ್ಲಿ ಕೊಲಾಜನ್ ಒಡೆಯುವ ಕಿಣ್ವವನ್ನು ವರದಿ ಮಾಡಿದರು.

ಲಗಾಮು ತಪ್ಪಿದಾಗ

ಎಂಎಂಪಿಗಳಿಗೆ ಲಗಾಮು ಹಾಕಲು ದೇಹದಲ್ಲಿ ಟಿಂಪ್ ಎಂಬ ಪ್ರೋಟೀನುಗಳಿವೆ. ಸೋಂಕು, ಉರಿಯೂತ ತಣಿಯದ ಗಾಯಕ್ಕೆ ಬಿಳಿ ರಕ್ತಕಣಗಳು ಬರುತ್ತಲೇ ಇರುತ್ತವೆ. ಅವು ಎಲಾಸ್ಟೇಸ್ ಎಂಬ ಇನ್ನೊಂದು ಕತ್ತರಿಸುವ ಕಿಣ್ವವನ್ನೂ ಎಂಎಂಪಿಗಳನ್ನೂ ಸುರಿಸುತ್ತಲೇ ಇರುತ್ತವೆ. ಆಗ ಟಿಂಪ್ ಸಾಲುವುದಿಲ್ಲ. ಹಳೆಯದರ ಜೊತೆಗೆ ಆಗಷ್ಟೇ ಹೆಣೆದ ಕೊಲಾಜನ್ನೂ ಕತ್ತರಿಸಿಹೋಗುತ್ತದೆ, ಬೆಳವಣಿಗೆಗೆ ಪ್ರೇರಣೆ ಕೊಡುವ ಪ್ರೋಟೀನುಗಳೂ ಹಾಳಾಗುತ್ತವೆ. ಹಗಲು ಕಟ್ಟಿದ ಗೋಡೆಯನ್ನು ರಾತ್ರಿ ಕೆಡವಿದ ಹಾಗೆ.

ಔಷಧಿಯಾಗಿ ಕಿಣ್ವ

ಗಾಯದ ಮೇಲಿನ ಸತ್ತ ಪದರ ತೆಗೆಯಲು ಹೊರಗಿನ ಕಿಣ್ವಗಳನ್ನೂ ಬಳಸುತ್ತಾರೆ. ಬ್ಯಾಕ್ಟೀರಿಯಾದಿಂದ ಪಡೆದ ಕೊಲಾಜಿನೇಸ್ ಮುಲಾಮು ಅವುಗಳಲ್ಲೊಂದು. ಪರಂಗಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲಿನಲ್ಲಿ ಪಪೈನ್ ಎಂಬ ಇನ್ನೊಂದು ಕಿಣ್ವವಿದೆ. ಅಮೆರಿಕದಲ್ಲಿ ಅನುಮೋದನೆಯಿಲ್ಲದೆ ಮಾರಾಟವಾಗುತ್ತಿದ್ದ ಪಪೈನ್ ಮುಲಾಮುಗಳಿಂದ ತೀವ್ರ ಅಲರ್ಜಿಯಾದ ವರದಿಗಳು ಬಂದು, 2008ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಅವನ್ನು ನಿಲ್ಲಿಸಲು ಹೇಳಿದರು. ಹಸಿ ಪರಂಗಿ ಹಾಲನ್ನು ಮನೆಯಲ್ಲೇ ಹುಣ್ಣಿಗೆ ಹಚ್ಚುವುದು ಸಲ್ಲದು.

ಮುಲಾಮು ಒಂದೇ ಸಾಲದು

ಸತ್ತ ಪದರ ಹೋದರೂ ಸಕ್ಕರೆ ಹತೋಟಿಗೆ ಬರದಿದ್ದರೆ, ಕಾಲಿಗೆ ರಕ್ತ ಹರಿಯದಿದ್ದರೆ, ಹುಣ್ಣಿನ ಮೇಲೆಯೇ ಭಾರ ಬಿಟ್ಟು ನಡೆದರೆ ಉರಿಯೂತ ತಣಿಯದು, ಕಿಣ್ವಗಳ ಕತ್ತರಿಯೂ ನಿಲ್ಲದು. ಸಕ್ಕರೆ ಕಾಯಿಲೆಯಿರುವವರು ದಿನಕ್ಕೊಮ್ಮೆ ಅಂಗಾಲು ನೋಡಿಕೊಳ್ಳಿ. ನೋವಿಲ್ಲವೆಂದು ಸುಮ್ಮನಿರಬೇಡಿ, ನರ ಮರಗಟ್ಟಿದ ಕಾಲಿನಲ್ಲಿ ಹುಣ್ಣು ನೋಯುವುದೇ ಇಲ್ಲ.