ವೇಗಮಾಪಕದ ನಿಖರತೆ ಮತ್ತು ವೇಗಮಿತಿ ಜಾರಿ (ತಿರುನೆಲ್ಲಿ)

ವಯನಾಡು ಜಿಲ್ಲೆಯ ತಿರುನೆಲ್ಲಿ ಗ್ರಾಮ ಪಂಚಾಯಿತಿಗೆ ಕರ್ನಾಟಕದಿಂದ ಎರಡು ಕಾಡುದಾರಿಗಳಿವೆ: ಕೊಡಗಿನ ಕುಟ್ಟದಿಂದ ತೋಲ್ಪೆಟ್ಟಿಗೆ, ಎಚ್.ಡಿ.ಕೋಟೆ ಕಡೆಯಿಂದ ಬಾವಲಿಗೆ. ಆನೆ, ಜಿಂಕೆ ಅಡ್ಡ ಬರುವ ಈ ರಸ್ತೆಗಳಲ್ಲಿ ವೇಗಮಾಪಕದ ಮುಳ್ಳು ತೋರಿಸುವ ವೇಗ ಎಷ್ಟು ನಿಜ ಎಂಬುದು ಬರೀ ಕುತೂಹಲದ ಮಾತಲ್ಲ.

ವೇಗಮಾಪಕ ವೇಗವನ್ನು ನೇರವಾಗಿ ಅಳೆಯುವುದಿಲ್ಲ. ಚಕ್ರ ಅಥವಾ ಗೇರ್‌ಬಾಕ್ಸ್‌ನ ಸುತ್ತುಗಳನ್ನು ಎಣಿಸಿ, ಟೈರಿನ ಸುತ್ತಳತೆಯನ್ನು ಊಹಿಸಿಕೊಂಡು ಲೆಕ್ಕ ಹಾಕುತ್ತದೆ. ಟೈರು ಸವೆದರೆ ಮುಳ್ಳು ವೇಗವನ್ನು ಹೆಚ್ಚು ತೋರಿಸುತ್ತದೆ. ಅಂದಕ್ಕೆಂದು ದೊಡ್ಡ ಟೈರು ಹಾಕಿಸಿದರೆ ತದ್ವಿರುದ್ಧ, ಕಡಿಮೆ ತೋರಿಸುತ್ತದೆ. ಅಪಾಯ ಇರುವುದು ಇಲ್ಲೇ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಂತೆ ಮಾಪಕ ನಿಜವೇಗಕ್ಕಿಂತ ಕಡಿಮೆ ತೋರಿಸಕೂಡದು. ಹೆಚ್ಚು ತೋರಿಸಬಹುದು, ನಿಜವೇಗದ ಹತ್ತನೇ ಒಂದು ಪಾಲು ಮತ್ತು ಗಂಟೆಗೆ 4 ಕಿ.ಮೀ. ಸೇರಿದಷ್ಟು. ಅಂದರೆ 40ರಲ್ಲಿ ಓಡುವ ಕಾರು 48 ತೋರಿಸಿದರೂ ದೋಷವಲ್ಲ. ಭಾರತದಲ್ಲಿ ಮಾಪಕ ಕಡ್ಡಾಯ ಎಂಬುದು ಕೇಂದ್ರ ಮೋಟಾರು ವಾಹನ ನಿಯಮ 117ರಲ್ಲಿದೆ.

ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, ಅತಿವೇಗಕ್ಕೆ ಲಘುವಾಹನಗಳಿಗೆ 1,000ದಿಂದ 2,000 ರೂ., ಮಧ್ಯಮ ಹಾಗೂ ಭಾರಿ ವಾಹನಗಳಿಗೆ 2,000ದಿಂದ 4,000 ರೂ. ದಂಡ. ಒಬ್ಬ ಸಾಕ್ಷಿಯ ಕಣ್ಣಂದಾಜು ಮಾತ್ರ ಸಾಲದು. ಅದಕ್ಕೆ ಉಪಕರಣದ ಆಧಾರ ಬೇಕು ಎನ್ನುತ್ತದೆ ಅದೇ ಕಲಮು. ಕೇರಳದಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳ ದಂಡ 2023ರ ಜೂನ್‌ನಲ್ಲಿ ಶುರುವಾಯಿತು. ವೇಗ ಅಳೆಯುವ ಇನ್ನೊಂದು ಉಪಕರಣವಾದ ರಾಡಾರ್ ಗನ್‌ಗೆ ನೇರ ನೋಟ ಬೇಕು. ಓರೆಯಾಗಿ ಹಿಡಿದರೆ ವೇಗ ಕಡಿಮೆ ಬರುತ್ತದೆ. ತಿರುವುಗಳ ಕಾಡುದಾರಿಗೆ ಅದು ಅಷ್ಟಾಗಿ ಒಗ್ಗದು. ರಸ್ತೆಯುಬ್ಬು ಅಲ್ಲಿ ಹೆಚ್ಚು ನಂಬಿಕಸ್ಥ. ಬಾವಲಿ ಮಾರ್ಗದಲ್ಲಿ ನಾಗರಹೊಳೆ ಅರಣ್ಯದೊಳಗೆ ರಾತ್ರಿ ಸಂಚಾರವೇ ನಿಷಿದ್ಧ. ಕುಟ್ಟದ ದಾರಿ ತೆರೆದಿರುತ್ತದೆ.