ಕೂಡಿ ನುಡಿಸುವ ವಿದ್ಯೆ



ಬೆಂಗಳೂರಿನ ಪೂರ್ವಕ್ಕಿರುವ ಮಹದೇವಪುರ ಒಂದು ಕಾಲಕ್ಕೆ ಹಳ್ಳಿ; ಮುಂದೆ ನಗರಸಭೆಯಾಗಿ, 2007ರಲ್ಲಿ ಮಹಾನಗರದೊಳಗೆ ಸೇರಿಹೋಯಿತು. ಇಂದು ಆ ಭಾಗದ ದೊಡ್ಡ ಶಾಲೆಗಳಲ್ಲಿ ಮಕ್ಕಳು ಪಿಟೀಲು, ಕೊಳಲು, ಗಿಟಾರು, ಕೀಬೋರ್ಡುಗಳನ್ನು ಹಿಡಿದು ಒಟ್ಟಿಗೆ ನುಡಿಸುವುದನ್ನು ತಾವು ಕಂಡಿರಬಹುದು. ವಾದ್ಯವೃಂದಕ್ಕೆ ಮಗುವನ್ನು ಸೇರಿಸುವಾಗ ಪಾಲಕರ ಕೈಗೆ ನಿಯಮಗಳ ಪಟ್ಟಿಯೊಂದು ಬರುತ್ತದೆ. ತಾಲೀಮಿಗೆ ಹೊತ್ತಿಗೆ ಸರಿಯಾಗಿ ಬರಬೇಕು, ವಾದ್ಯವನ್ನು ಜೋಪಾನ ಮಾಡಬೇಕು, ಮನೆಯಲ್ಲಿ ನಿತ್ಯ ಅಭ್ಯಾಸ ನಡೆಯಬೇಕು, ಕಾರ್ಯಕ್ರಮದ ದಿನ ತಪ್ಪಿಸಕೂಡದು. ಇವೆಲ್ಲ ಪಶ್ಚಿಮದಿಂದ ಬಂದ ಹೊಸ ಶಿಸ್ತು ಎಂದು ಅನೇಕರು ಭಾವಿಸುತ್ತಾರೆ. ಆದರೆ ಇದೇ ಶಿಸ್ತನ್ನು ಇದಕ್ಕಿಂತ ಕಠಿಣವಾಗಿ, ಶುಲ್ಕವಿಲ್ಲದೆ, ಕಣ್ಣಿಲ್ಲದ ಮಕ್ಕಳಿಗೆ ಕಲಿಸಿದ ಪಾಠಶಾಲೆ ನಮ್ಮ ನಾಡಿನಲ್ಲಿಯೇ ಇದೆ. ಅದರ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಶಿವಶರಣರ ಪರಂಪರೆಯಲ್ಲಿ ವಾದ್ಯಕ್ಕೆ ಹಿರಿದಾದ ಸ್ಥಾನವಿದೆ. ಕಿನ್ನರಿಯ ಬೊಮ್ಮಯ್ಯ, ಢಕ್ಕೆಯ ಬೊಮ್ಮಣ್ಣ ಎಂಬ ಹೆಸರುಗಳಲ್ಲಿ ವಾದ್ಯವೇ ಶರಣನ ಗುರುತಾಗಿ ನಿಂತಿದೆ. ಆದರೆ ಕಿನ್ನರಿ ಏಕಾಂಗಿಯ ವಾದ್ಯ. ಅದನ್ನು ನುಡಿಸುವಾತ ತನ್ನ ದೈವಕ್ಕೆ ಮಾತ್ರ ಉತ್ತರ ಹೇಳಬೇಕಾದವನು. ಹಲವರು ಕೂಡಿ ನುಡಿಸುವ ವಿದ್ಯೆ ಬೆಳೆದುದು ಜಾತ್ರೆ ಉತ್ಸವಗಳಲ್ಲಿ, ಕರಡಿ ಮಜಲಿನಂತಹ ಮೇಳಗಳಲ್ಲಿ. ಅಲ್ಲಿ ಬರೆದಿಟ್ಟ ನಿಯಮಗಳಿರಲಿಲ್ಲ. ತಂದೆಯ ಪಕ್ಕದಲ್ಲಿ ತಾಳ ಹಿಡಿದು ನಿಂತ ಮಗ, ಹಿರಿಯರ ಕಣ್ಸನ್ನೆಯಿಂದಲೇ ಎಲ್ಲಿ ತಡೆಯಬೇಕು, ಎಲ್ಲಿ ಏರಿಸಬೇಕು ಎಂಬುದನ್ನು ಅರಿಯುತ್ತಿದ್ದ.

ಬರೆದ ಸ್ವರವನ್ನು ನೋಡಿ ಸಾಲಾಗಿ ನಿಂತು ನುಡಿಸುವ ಕ್ರಮ ದಂಡಿನ ಜೊತೆಗೆ ಬಂದಿತು. 1809ರಲ್ಲಿ ಹಲಸೂರಿನ ಸುತ್ತ ದಂಡುಪ್ರದೇಶ ಸ್ಥಾಪಿತವಾದ ಮೇಲೆ ಬೆಂಗಳೂರಿನವರ ಕಿವಿಗೆ ಕಹಳೆ, ಡ್ರಮ್ಮುಗಳ ಸದ್ದು ನಿತ್ಯದ್ದಾಯಿತು. ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡು ಆ ಕಾಲದ ಸಾಕ್ಷಿಯಾಗಿ ಉಳಿದಿದೆ. ಮದುವೆಯ ಮೆರವಣಿಗೆಗೆ ಬರುವ ಬ್ಯಾಂಡ್‌ಸೆಟ್ಟಿನವರ ಹೊಳೆಯುವ ಗುಂಡಿಗಳ ಅಂಗಿ ಆ ದಂಡಿನ ಬಳುವಳಿಯೇ. ಸೈನ್ಯದ ಬ್ಯಾಂಡಿನಲ್ಲಿ ಶಿಸ್ತು ಆಜ್ಞೆಯ ರೂಪದ್ದು. ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ಮೈಸೂರಿನ ಅರಮನೆಯಲ್ಲಿ ಈ ಎರಡು ಧಾರೆಗಳೂ ಕೂಡಿದವು. 1940ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಕೊಳಲು, ಪಿಯಾನೊ ಮೊದಲಾದ ವಾದ್ಯಗಳನ್ನು ಸ್ವತಃ ನುಡಿಸಬಲ್ಲವರು. ಅವರ ಆಸ್ಥಾನದಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಕರ್ನಾಟಕ ಸಂಗೀತದ ವಾದ್ಯವೃಂದವೂ ಇದ್ದವು; ಆಟೋ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರು ಪಾಶ್ಚಾತ್ಯ ವೃಂದವನ್ನು ನಡೆಸುತ್ತಿದ್ದರು. ವೈಣಿಕ ವೆಂಕಟಗಿರಿಯಪ್ಪನವರು ನಗ್ಮಾ ಎಂಬ ಹೊಸ ಬಗೆಯ ವಾದ್ಯರಚನೆಗಳನ್ನು ಮಾಡಿದರು. ಅನಂತರ ಬಂದ ಜಯಚಾಮರಾಜ ಒಡೆಯರಂತೂ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಸಂಗೀತ ಸಂಸ್ಥೆಯ ಪ್ರಥಮ ಅಧ್ಯಕ್ಷರಾದರು. ವೈಭವವೇನೋ ದೊಡ್ಡದು. ಆದರೆ ಅರಮನೆಯ ಬಾಗಿಲನ್ನು ಹೋಗಿ ಸೇರುವ ಭಾಗ್ಯ ಎಷ್ಟು ಮಕ್ಕಳಿಗೆ ಇದ್ದೀತು?

ಆ ಬಾಗಿಲು ಮುಚ್ಚಿದ್ದ ಮಕ್ಕಳಿಗಾಗಿ ಬೇರೊಂದು ಬಾಗಿಲು ತೆರೆಯಿತು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ ಎಂಬ ಬಾಲಕನಿಗೆ ದೃಷ್ಟಿ ಇರಲಿಲ್ಲ, ಅಣ್ಣನಿಗೂ ಇರಲಿಲ್ಲ. ಶಿವಯೋಗ ಮಂದಿರದ ಸಂಸ್ಥಾಪಕರಾದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು ಆ ಬಾಲಕನ ಕಂಠವನ್ನು ಗುರುತಿಸಿ ಆಶ್ರಯವಿತ್ತರು. ಅವನೇ ಮುಂದೆ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರ ಗವಾಯಿಗಳು. ಕಲಿತ ವಿದ್ಯೆಯನ್ನು ಅಂಧರಿಗೆ, ಅನಾಥರಿಗೆ ಹಂಚಬೇಕೆಂಬ ಗುರುವಿನ ಆಜ್ಞೆಯನ್ನು ಅವರು ಕೊನೆಯವರೆಗೂ ನಡೆಸಿದರು. ಅವರ ಪಾಠಶಾಲೆಗೆ ಬಹಳ ವರ್ಷ ಸ್ವಂತ ಕಟ್ಟಡವಿರಲಿಲ್ಲ. ಗುರುಶಿಷ್ಯರು ಊರೂರು ತಿರುಗುತ್ತಾ, ಭಕ್ತರು ನೀಡಿದ್ದನ್ನು ಉಣ್ಣುತ್ತಾ, ತಂಗಿದಲ್ಲಿಯೇ ಪಾಠ ಮಾಡುತ್ತಿದ್ದರು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಅದು ನೆಲೆನಿಂತಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು ಹೊಣೆಯನ್ನು ಹೊತ್ತು, 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆರು ದಶಕಗಳನ್ನು ಮೀರಿ ಅದನ್ನು ಬೆಳೆಸಿದರು.

ಕಣ್ಣಿಲ್ಲದ ಮಕ್ಕಳು ಕೂಡಿ ನುಡಿಸುವುದೆಂದರೆ ಏನೆಂಬುದನ್ನು ತಾವು ಒಂದು ಕ್ಷಣ ಊಹಿಸಿಕೊಳ್ಳಬೇಕು. ಪಾಶ್ಚಾತ್ಯ ವೃಂದದಲ್ಲಿ ನಾಯಕನು ಕೋಲೆತ್ತಿ ತೋರಿಸುತ್ತಾನೆ. ಎದುರಿಗೆ ಸ್ವರ ಬರೆದ ಹಾಳೆ ಇರುತ್ತದೆ. ಇಲ್ಲಿ ಕೋಲೂ ಇಲ್ಲ, ಹಾಳೆಯೂ ಇಲ್ಲ. ತಂಬೂರಿಯ ಶ್ರುತಿಯಲ್ಲಿ ಮನಸ್ಸು ನಿಲ್ಲದಿದ್ದರೆ ಪಿಟೀಲಿನವನ ಬೆರಳು ಜಾರುತ್ತದೆ. ತಬಲದ ಆವರ್ತನವನ್ನು ಒಳಗೊಳಗೇ ಎಣಿಸದಿದ್ದರೆ ಸಮಕ್ಕೆ ಬಂದು ಸೇರಲಾಗದು. ಪಕ್ಕದವನು ಉಸಿರೆಳೆದುಕೊಳ್ಳುವ ಸದ್ದಿನಿಂದಲೇ ಆಲಾಪ ಮುಗಿಯಿತೋ ಇನ್ನೂ ಇದೆಯೋ ತಿಳಿಯಬೇಕು. ಆದುದರಿಂದ ಅಂತಹ ವಿದ್ಯಾರ್ಥಿಗೆ ಮೊದಲು ಬೇಕಾದುದು ಕೈಚಳಕವಲ್ಲ, ಕಿವಿ. ತಾನು ನುಡಿಸದಿರುವ ಹೊತ್ತಿನಲ್ಲಿಯೂ ಆತ ಕೆಲಸದಲ್ಲಿಯೇ ಇರುತ್ತಾನೆ. ಬೆಳಗಿನ ಜಾವಕ್ಕೆದ್ದು ಸಾಧನೆ ಮಾಡುವುದು, ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡುವುದು, ಹಾಡುವವನು ವಾದ್ಯವನ್ನೂ ಅರಿತಿರುವುದು, ಇವು ಅಲ್ಲಿ ಬಾಳಿನ ಕ್ರಮವೇ ಆಗಿದ್ದವು. ಪುಟ್ಟರಾಜರು ಸ್ವತಃ ಹಾರ್ಮೋನಿಯಂ, ತಬಲ, ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳಲ್ಲಿ ಪಳಗಿದವರು. ಗುರುವಿಗೇ ಎಲ್ಲ ವಾದ್ಯಗಳ ಕಷ್ಟ ತಿಳಿದಿರುವಲ್ಲಿ ಶಿಷ್ಯನ ನೆವಗಳು ಹೆಚ್ಚು ಹೊತ್ತು ನಿಲ್ಲುವುದಿಲ್ಲವಷ್ಟೆ!

ಆಶ್ರಮದ ಇನ್ನೊಂದು ತಾಲೀಮುಮನೆ ನಾಟಕದ ರಂಗ. ನೂರಾರು ಮಕ್ಕಳಿಗೆ ಅನ್ನವಿಕ್ಕುವುದು ಸಣ್ಣ ಮಾತಲ್ಲ; ದಾನದಿಂದ ಬಂದದ್ದು ಸಾಲದಾದಾಗ ಪುಟ್ಟರಾಜರು ಗುರುವಿನ ಹೆಸರಿನಲ್ಲಿ ನಾಟ್ಯಸಂಘವನ್ನು ಕಟ್ಟಿ, ತಾವೇ ನಾಟಕಗಳನ್ನು ರಚಿಸಿ ಊರೂರುಗಳಲ್ಲಿ ಆಡಿಸಿದರು. ಕಂಪನಿ ನಾಟಕದ ಹಿಮ್ಮೇಳ ಎಂತಹುದೆಂಬುದನ್ನು ಉತ್ತರ ಕರ್ನಾಟಕದ ಹಿರಿಯರಿಗೆ ಹೇಳಬೇಕಾಗಿಲ್ಲ. ಪೇಟಿ ಮಾಸ್ತರನ ಮಾತೇ ಅಲ್ಲಿ ಕೊನೆಯ ಮಾತು. ನಟನು ಪದವನ್ನು ಅರ್ಧಕ್ಕೆ ನಿಲ್ಲಿಸಿ ಮಾತಿಗಿಳಿಯಬಹುದು. ಸಭೆಯಿಂದ ‘ಒನ್ಸ್ ಮೋರ್’ ಬಂದರೆ ಹಾಡು ಮತ್ತೆ ಮೊದಲಿನಿಂದ. ವಾದ್ಯದವರು ನಟನ ಹಿಂದೆಯೇ ನೆರಳಿನಂತೆ ಹೋಗಬೇಕು. ರಾತ್ರಿಯಿಡೀ ನಡೆಯುವ ಆಟದಲ್ಲಿ ತೂಕಡಿಸಿದವನ ತಾಳ ತಪ್ಪಿದರೆ ಇಡೀ ಸಭೆಗೆ ತಿಳಿಯುತ್ತದೆ. ಆಟ ಕೆಟ್ಟರೆ ಮರುದಿನದ ದಾಸೋಹಕ್ಕೂ ಕೊರತೆ. ತಾನು ತಪ್ಪಿದರೆ ತನ್ನ ಜೊತೆಯವನ ಎಡೆಗೆ ಕುಂದು ಎಂಬ ಅರಿವು ಇರುವಲ್ಲಿ ಹಾಜರಿ ಪುಸ್ತಕದ ಹಂಗೇಕೆ?

ಇಂತಹ ಪ್ರಯೋಗ ಬೇರೆಡೆಯೂ ನಡೆದುದುಂಟು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಕೂಡಿಸಿ, ಮಧ್ಯಭಾರತದ ಮೈಹರ್ ಸಂಸ್ಥಾನದಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನರು ವಾದ್ಯವೃಂದವೊಂದನ್ನು ಕಟ್ಟಿದರು. ಬಂದೂಕದ ನಳಿಗೆಗಳನ್ನು ಕತ್ತರಿಸಿ ನಳತರಂಗವೆಂಬ ವಾದ್ಯವನ್ನೇ ಮಾಡಿದರು. ಅವರ ಶಿಷ್ಯ ರವಿಶಂಕರರು 1952ರಲ್ಲಿ ದೆಹಲಿ ಆಕಾಶವಾಣಿಯ ವಾದ್ಯವೃಂದದ ನಿರ್ದೇಶಕರಾದರು. ಅದಕ್ಕೂ ಎರಡು ಶತಮಾನ ಹಿಂದೆ ಇಟಲಿಯ ವೆನಿಸ್ ನಗರದ ಅನಾಥಾಲಯದಲ್ಲಿ, 1703ರಿಂದ ವಿವಾಲ್ಡಿ ಎಂಬ ಪಾದ್ರಿ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸಿದನು. ಆ ಮಕ್ಕಳು ಜಾಲಂದರದ ಮರೆಯಲ್ಲಿ ನಿಂತು ನುಡಿಸುತ್ತಿದ್ದುದನ್ನು ಕೇಳಲು ದೂರದೇಶಗಳಿಂದ ಜನ ಬರುತ್ತಿದ್ದರು. ವೆನಿಸ್, ಮೈಹರ್, ಗದಗು ಒಂದನ್ನೊಂದು ನೋಡಿ ಕಲಿತವುಗಳಲ್ಲ. ಆದರೂ ಮೂರು ಕಡೆಗಳಲ್ಲಿಯೂ ಯಾರಿಗೆ ಮನೆ ಇರಲಿಲ್ಲವೋ ಅವರಿಗೆ ವಾದ್ಯವೃಂದವೇ ಮನೆಯಾಯಿತೆಂಬುದನ್ನು ಲಕ್ಷಿಸಬೇಕು.

ಪಂಚಾಕ್ಷರ ಗವಾಯಿಗಳ ಶಿಷ್ಯರಲ್ಲಿ ಬಸವರಾಜ ರಾಜಗುರು ಅವರ ಹೆಸರನ್ನು ಅರಿಯದ ಸಂಗೀತಪ್ರಿಯರಿಲ್ಲ. ಬಳ್ಳಾರಿ ಸೀಮೆಯ ಬಾಲಕ ವೆಂಕಟೇಶ ಕುಮಾರನನ್ನು ಸೋದರಮಾವ ಬೆಳಗಲ್ಲು ವೀರಣ್ಣನವರು 1968ರಲ್ಲಿ ಪುಟ್ಟರಾಜರ ಬಳಿ ತಂದು ಬಿಟ್ಟರು. ಹನ್ನೆರಡು ವರ್ಷ ಅಲ್ಲಿದ್ದು ಅವರು ಗಾಯಕರಾದರು. ಆಶ್ರಮದಲ್ಲಿ ಮತಜಾತಿಗಳನ್ನು ಕೇಳಿ ಸೇರಿಸಿಕೊಳ್ಳುವ ಪದ್ಧತಿ ಇಲ್ಲ. ಹೆಸರಾದವರು ಕೆಲವರು; ಹೆಸರಾಗದೆ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಭಜನಾ ಮೇಳಗಳ ತಬಲಜಿಗಳಾಗಿ, ಪುರಾಣ ಪ್ರವಚನಗಳಿಗೆ ಸಾಥಿ ನೀಡುವವರಾಗಿ ಬದುಕು ಕಟ್ಟಿಕೊಂಡವರು ಬಹು ಮಂದಿ. ನನ್ನ ಎಣಿಕೆಯಲ್ಲಿ ಆ ಪಾಠಶಾಲೆಯ ಅಳತೆ ಈ ಎರಡನೆಯವರೇ.

ಈಗ ಮಹದೇವಪುರದ ಮಕ್ಕಳ ಕಡೆಗೆ ಬರೋಣ. ಅಲ್ಲಿನ ಪಾಲಕರು ಮಕ್ಕಳ ಸಂಗೀತಕ್ಕೆ ಹಣವನ್ನೂ ಸಮಯವನ್ನೂ ಧಾರಾಳವಾಗಿ ಕೊಡುತ್ತಾರೆ, ಅದು ಮೆಚ್ಚತಕ್ಕದ್ದು. ಟ್ರಿನಿಟಿ ಸಂಸ್ಥೆಯ ಪರೀಕ್ಷೆಗಳಿಗೂ ರಾಜ್ಯದ ಜೂನಿಯರ್ ಸೀನಿಯರ್ ಪರೀಕ್ಷೆಗಳಿಗೂ ಮಕ್ಕಳನ್ನು ಕೂರಿಸುತ್ತಾರೆ. ಆದರೆ ಪರೀಕ್ಷಕನ ಮುಂದೆ ಮಗು ಮುಖ್ಯವಾಗಿ ತನ್ನೊಬ್ಬನ ನುಡಿಕೆಗೇ ಉತ್ತರ ಹೇಳಬೇಕು. ಪ್ರಮಾಣಪತ್ರಗಳನ್ನು ಪಡೆದ ಮಗು ವೃಂದದಲ್ಲಿ ಕುಳಿತಾಗ ಪಕ್ಕದ ಪಿಟೀಲಿಗಿಂತ ಜೋರಾಗಿ ಎಳೆಯುತ್ತದೆ. ಮೂರನೆಯ ಸಾಲಿನಲ್ಲಿ ಕೂರಿಸಿದರೆ ಮುಖ ಬಾಡುತ್ತದೆ. ಟ್ಯೂಷನ್ ಇದ್ದ ದಿನ ತಾಲೀಮು ತಪ್ಪುತ್ತದೆ. ತಪ್ಪು ಮಗುವಿನದೆಂದು ನನಗೆ ತೋರುವುದಿಲ್ಲ. ಆತನು ಬಾರದಿದ್ದರೆ ಯಾರ ನುಡಿಕೆ ಕುಂಟುತ್ತದೆಂಬುದನ್ನು ಆತನಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಪಟ್ಟಿಯಲ್ಲಿ ‘ಹಾಜರಿ ಕಡ್ಡಾಯ’ ಎಂದಷ್ಟೇ ಇರುತ್ತದೆ.

ಮಠದ ಹಳೆಯ ವಿದ್ಯಾರ್ಥಿಗಳಾದ ತಮ್ಮಲ್ಲಿ ಅನೇಕರು ಇಂದು ಆ ಭಾಗದ ಕಚೇರಿ ಕಾರ್ಖಾನೆಗಳಲ್ಲಿದ್ದೀರಿ. ಪ್ರಸಾದ ನಿಲಯದ ಪಂಕ್ತಿಯಲ್ಲಿ ಬಡಿಸಿದವರೂ ಉಂಡವರೂ ಆಗಿದ್ದೀರಿ. ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಗದಗಿನಲ್ಲಿ ಇಳಿದು, ವಾದ್ಯ ಕಲಿಯುತ್ತಿರುವ ತಮ್ಮ ಮಕ್ಕಳನ್ನು ಪುಣ್ಯಾಶ್ರಮಕ್ಕೆ ಕರೆದೊಯ್ಯಿರಿ. ಅಲ್ಲಿ ಹಿರಿಯ ಹುಡುಗನೊಬ್ಬ ಕಿರಿಯನ ಬೆರಳನ್ನು ಹಿಡಿದು ತಬಲದ ಮೇಲೆ ಇಡುತ್ತಿರುವುದು ಕಂಡರೆ, ಸ್ವಲ್ಪ ಹೊತ್ತು ಮಾತಿಲ್ಲದೆ ಅವರ ಬಳಿ ಕೂರಿಸಿರಿ.