ಕೋಲಾರದ ಒರೆಗಲ್ಲು

1960ರ ದಶಕದ ಆರಂಭ. ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ 2,760 ಮೀಟರ್ ಕೆಳಗೆ, ಒಂದು ಉಪಕರಣ ಎರಡು ತಿಂಗಳ ಕಾಲ ಕಾದು ಕುಳಿತಿತ್ತು. ಆಕಾಶದಿಂದ ಸುರಿಯುವ ಮ್ಯುಯಾನ್ ಎಂಬ ಕಣಗಳನ್ನು ಎಣಿಸುವುದು ಅದರ ಕೆಲಸ. ನೆಲದ ಮೇಲಾದರೆ ಅಂಗೈ ಅಗಲದ ಜಾಗದಲ್ಲಿ ಸೆಕೆಂಡಿಗೆ ಸುಮಾರು ಒಂದು ಮ್ಯುಯಾನ್ ಹಾದುಹೋಗುತ್ತದೆ. ಗಣಿಯ ಆ ಆಳದಲ್ಲಿ ಎರಡು ತಿಂಗಳಿಗೆ ಒಂದೂ ಬರಲಿಲ್ಲ.

ಬರಿಗೈಯಲ್ಲಿ ಮೇಲೆ ಬಂದವರಿಗೆ ಆ ಸೊನ್ನೆಯೇ ದೊಡ್ಡ ಸಂಪಾದನೆ. ಜಪಾನಿನ ಮಿಯಾಕೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ನರಸಿಂಹಂ ಮತ್ತು ರಮಣಮೂರ್ತಿ ಅಳೆದು ತೋರಿಸಿದ್ದು ಇಷ್ಟು: ಕೋಲಾರದ ಬಂಡೆ ಆಕಾಶದ ಗದ್ದಲವನ್ನು ಹೆಚ್ಚುಕಡಿಮೆ ಪೂರಾ ತಡೆದಿದೆ. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಏನಾದರೂ ಕಾಣಿಸಿಕೊಂಡರೆ ಅದು ಬಂಡೆಗೂ ಬಗ್ಗದ ಕಣವೇ ಆಗಿರಬೇಕು. ಅಂಥ ಕಣ ಇದೆ ಎಂದು ಸಿದ್ಧಾಂತ ಹೇಳುತ್ತಿತ್ತು. ಅದರ ಹೆಸರು ನ್ಯೂಟ್ರಿನೋ.

ವಿಜ್ಞಾನದ ಸಿದ್ಧಾಂತಗಳನ್ನು ನಂಬಬೇಕೇ, ಅನುಮಾನಿಸಬೇಕೇ ಎಂಬ ಚರ್ಚೆ ಇಂದು ಎಲ್ಲೆಲ್ಲೂ ನಡೆಯುತ್ತದೆ. ‘ಅದೆಲ್ಲ ಬರೀ ಥಿಯರಿ’ ಎಂದು ಒಬ್ಬರು ತಳ್ಳಿಹಾಕುತ್ತಾರೆ, ‘ವಿಜ್ಞಾನ ಹೇಳಿದೆ’ ಎಂದು ಇನ್ನೊಬ್ಬರು ಮಾತು ಮುಗಿಸುತ್ತಾರೆ. ಕೆಜಿಎಫ್‌ನ ಭೂಗರ್ಭದಲ್ಲಿ ಸುಮಾರು ನಾಲ್ಕು ದಶಕ ನಡೆದ ಪ್ರಯೋಗಗಳ ಕಥೆಯಲ್ಲಿ ಈ ಎರಡೂ ಮಾತಿಗೆ ಜಾಗವಿಲ್ಲ. ಅಲ್ಲಿ ಒಂದು ಸಿದ್ಧಾಂತ ಗೆದ್ದಿತು, ಇನ್ನೊಂದು ಸೋತಿತು, ಒಂದು ಒಗಟು ಬಿಡಿಸಲಾಗದೆ ಉಳಿಯಿತು. ಮೂರನ್ನೂ ಒಂದೇ ಒರೆಗಲ್ಲಿಗೆ ಉಜ್ಜಲಾಗಿತ್ತು.

ಈ ಗಣಿಗೆ ಭೌತವಿಜ್ಞಾನ ಇಳಿದದ್ದು ಬೆಂಗಳೂರಿನ ದಾರಿಯಾಗಿ. ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದರು. ಯುದ್ಧ ಶುರುವಾಗಿ ಹಿಂದಿರುಗುವ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆನಿಂತ ಅವರು ವಿಶ್ವಕಿರಣಗಳ ಅಧ್ಯಯನಕ್ಕೆಂದೇ ಒಂದು ಘಟಕ ಕಟ್ಟಿದರು. ಈ ಕಿರಣಗಳ ನಂಟು ಅವರಿಗೆ ಹಳೆಯದು. ವೇಗವಾಗಿ ಚಲಿಸುವ ಕಣದ ಆಯುಸ್ಸು ನಮ್ಮ ಗಡಿಯಾರದ ಲೆಕ್ಕದಲ್ಲಿ ಹಿಗ್ಗಬೇಕು ಎಂದು ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. ಅದನ್ನು ವಿಶ್ವಕಿರಣಗಳಲ್ಲೇ ಪರೀಕ್ಷಿಸಬಹುದು ಎಂದು ಭಾಭಾ 1938ರಲ್ಲೇ ಸೂಚಿಸಿದ್ದರು. ಈ ಕಿರಣಗಳಿಂದ ಹುಟ್ಟುವ ಮ್ಯುಯಾನ್ ಬದುಕುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಹೊತ್ತು. ಆ ಲೆಕ್ಕದಂತೆ ಅದು ವಾತಾವರಣದ ಮೇಲ್ಪದರದಲ್ಲೇ ಮುಗಿದುಹೋಗಬೇಕಿತ್ತು. ಅದು ನೆಲ ಮುಟ್ಟುತ್ತದೆ, ಗಣಿಯೊಳಕ್ಕೂ ಇಳಿಯುತ್ತದೆ. ಸಾಪೇಕ್ಷತೆಯನ್ನು ನಂಬಲು ಇಂಥ ಸಾಕ್ಷಿಗಳೇ ಕಾರಣ, ಐನ್‌ಸ್ಟೈನ್ ಎಂಬ ಹೆಸರಲ್ಲ.

ಭಾಭಾ 1945ರಲ್ಲಿ ಟಿಐಎಫ್‌ಆರ್ ಸ್ಥಾಪಿಸಿದರು. ಅದು ಬೆಂಗಳೂರಿನಲ್ಲಿ ಹುಟ್ಟಿ ಅದೇ ವರ್ಷ ಮುಂಬಯಿಗೆ ಹೋಯಿತು. ಮೂರು ವರ್ಷದ ನಂತರ ಅಲ್ಲಿಗೆ ಸೇರಿದ ತರುಣರಲ್ಲಿ ಒಬ್ಬರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. 1951ರಲ್ಲಿ ಭಾಭಾ ಶ್ರೀಕಂಠನ್ ಅವರನ್ನು ಕೋಲಾರಕ್ಕೆ ಕಳಿಸಿದರು. ಆಳ ಹೆಚ್ಚಿದಂತೆ ಮ್ಯುಯಾನ್‌ಗಳ ಸಂಖ್ಯೆ ಹೇಗೆ ಇಳಿಯುತ್ತದೆ ಎಂದು ಅಳೆಯುವುದು ಅವರ ಕೆಲಸ. ನಂಜನಗೂಡಿನ ಈ ಹುಡುಗ ಮುಂದೆ ಅದೇ ಸಂಸ್ಥೆಯ ನಿರ್ದೇಶಕನಾದದ್ದು ಕನ್ನಡ ನಾಡು ನೆನಪಿಡಬೇಕಾದ ಸಂಗತಿ.

ಆಗ ಕೆಜಿಎಫ್ ಎಂದರೆ ಒಂದು ಬೇರೆಯೇ ಲೋಕ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ಬಂಜರು ನೆಲದಲ್ಲಿ ಪಟ್ಟಣ ಎದ್ದಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದಿತ್ತು. ಊರುಗಾಂ, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ತಮಿಳು, ತೆಲುಗು, ಕನ್ನಡ ಬೆರೆತ ಬದುಕು. ಬೆಟ್ಟದಂತೆ ಬೆಳೆದ ಸೈನೈಡ್ ದಿಬ್ಬಗಳು. ಕೇಜ್ ಹತ್ತಿ ಶಾಫ್ಟಿನಲ್ಲಿ ಇಳಿದ ಕಾರ್ಮಿಕರಿಗೆ ಕಾದಿದ್ದದ್ದು ಕುದಿಯುವ ಸೆಕೆ, ಕಲ್ಲಿನ ಧೂಳು, ಹೇಳದೆ ಕೇಳದೆ ಸಿಡಿಯುವ ರಾಕ್ ಬರ್ಸ್ಟ್. ಸಿಲಿಕೋಸಿಸ್ ಹಲವರ ಶ್ವಾಸಕೋಶವನ್ನು ತಿಂದಿತು. ಜಗತ್ತಿನ ಅತಿ ಆಳದ ಪ್ರಯೋಗಾಲಯಗಳಲ್ಲಿ ಒಂದು ಭಾರತದಲ್ಲಿತ್ತು ಎಂದು ಹೆಮ್ಮೆ ಪಡುವಾಗ ಆ ಆಳವನ್ನು ತೋಡಿದವರ ನೆನಪು ಮೊದಲು ಬರಬೇಕು. ವಿಜ್ಞಾನಿಗಳು ಇಳಿದದ್ದು ಅವರು ಕೊರೆದ ದಾರಿಯಲ್ಲಿ, ಅವರೇ ನಡೆಸುತ್ತಿದ್ದ ಕೇಜ್‌ಗಳಲ್ಲಿ.

ನ್ಯೂಟ್ರಿನೋ ಹುಟ್ಟಿದ್ದೇ ಅನುಮಾನದಲ್ಲಿ. ಕೆಲವು ಪರಮಾಣುಗಳು ಎಲೆಕ್ಟ್ರಾನ್ ಉಗುಳುವಾಗ ಶಕ್ತಿಯ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಪ್ರತಿ ಸಲವೂ ಸ್ವಲ್ಪ ಶಕ್ತಿ ಎಲ್ಲೋ ಸೋರಿಹೋಗುತ್ತಿತ್ತು. ಶಕ್ತಿಯ ಸಂರಕ್ಷಣಾ ನಿಯಮವನ್ನೇ ಇಲ್ಲಿ ಕೈಬಿಡಬೇಕಾದೀತು ಎಂದು ನೀಲ್ಸ್ ಬೋರ್‌ನಂಥ ಹಿರಿಯನೇ ಯೋಚಿಸಿದ್ದ. ವುಲ್ಫ್‌ಗ್ಯಾಂಗ್ ಪೌಲಿ ಇನ್ನೊಂದು ದಾರಿ ಹಿಡಿದ. 1930ರ ಡಿಸೆಂಬರ್ 4ರಂದು ಜ್ಯೂರಿಕ್‌ನಿಂದ ಸಹೋದ್ಯೋಗಿಗಳಿಗೆ ಬರೆದ ಪತ್ರದಲ್ಲಿ, ಯಾರ ಕಣ್ಣಿಗೂ ಬೀಳದ ಒಂದು ಕಣ ಆ ಶಕ್ತಿಯನ್ನು ಒಯ್ಯುತ್ತಿರಬಹುದು ಎಂದು ಊಹಿಸಿದ. ಅದನ್ನು ಪ್ರಬಂಧವಾಗಿ ಪ್ರಕಟಿಸುವ ಧೈರ್ಯ ಅವನಿಗೇ ಇರಲಿಲ್ಲ. ನಾಲ್ಕು ವರ್ಷದ ನಂತರ ಬೆಥೆ ಮತ್ತು ಪೈರ್ಲ್ಸ್ ಲೆಕ್ಕ ಹಾಕಿ, ಇಂಥ ಕಣವನ್ನು ಹಿಡಿಯುವುದು ಸಾಧ್ಯವೇ ಇಲ್ಲ ಎಂಬ ತೀರ್ಮಾನಕ್ಕೆ ಬಂದರು.

ಹಿಡಿಯಲಾಗದ ಕಣವನ್ನು ನಂಬು ಎನ್ನುವುದು ವಿಜ್ಞಾನದಲ್ಲಿ ಸಲ್ಲದ ಮಾತು. ಆದರೂ ಆ ಊಹೆ ಬದುಕಿತು, ಏಕೆಂದರೆ ಅದನ್ನು ಒಪ್ಪಿಕೊಂಡರೆ ಹತ್ತಾರು ಬೇರೆ ಲೆಕ್ಕಗಳು ಸರಿಹೋಗುತ್ತಿದ್ದವು. 26 ವರ್ಷ ಅದು ಸಾಲದ ಪುಸ್ತಕದಲ್ಲೇ ಉಳಿಯಿತು. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಒಂದು ಪರಮಾಣು ರಿಯಾಕ್ಟರ್ ಪಕ್ಕದಲ್ಲಿ ನ್ಯೂಟ್ರಿನೋ ಹಿಡಿದಾಗ ಸಾಲ ತೀರಿತು.

ಅದು ಮನುಷ್ಯ ಕಟ್ಟಿದ ರಿಯಾಕ್ಟರಿನ ಕಣ. ನಿಸರ್ಗ ತಾನಾಗಿ ಸೃಷ್ಟಿಸುವ ನ್ಯೂಟ್ರಿನೋಗಳ ಮಾತೇನು? ಸೂರ್ಯನಿಂದಲೇ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ ಬಂದು ಹಾದುಹೋಗುತ್ತವೆ ಎನ್ನುತ್ತದೆ ಲೆಕ್ಕ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗಲೂ ನ್ಯೂಟ್ರಿನೋ ಹುಟ್ಟಬೇಕು. ಅವು ಸೂರ್ಯನ ನ್ಯೂಟ್ರಿನೋಗಳಿಗಿಂತ ವಿರಳ, ಆದರೆ ಹೆಚ್ಚು ಬಲಶಾಲಿ. ಅವನ್ನು ಹಿಡಿಯಲು ಕೋಲಾರದ ನಿಶ್ಶಬ್ದ ಹೇಳಿಮಾಡಿಸಿದಂತಿತ್ತು.

ಟಿಐಎಫ್‌ಆರ್‌ನ ಎಂ.ಜಿ.ಕೆ. ಮೆನನ್, ಒಸಾಕ ಸಿಟಿ ವಿಶ್ವವಿದ್ಯಾಲಯದ ಮಿಯಾಕೆ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವುಲ್ಫನ್‌ಡೇಲ್ ಮೂವರ ತಂಡಗಳು ಕೈಜೋಡಿಸಿದವು. 1964ರ ಕೊನೆಗೆ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಸಜ್ಜಾಯಿತು. ಅದರ ರಚನೆಯಲ್ಲೇ ಒಂದು ಜಾಣ್ಮೆಯಿತ್ತು. ಅಷ್ಟು ಆಳಕ್ಕೆ ತಪ್ಪಿ ಬರುವ ಮ್ಯುಯಾನ್ ಬಹುಪಾಲು ನೆತ್ತಿಯ ಮೇಲಿನಿಂದಲೇ ಇಳಿಯುತ್ತದೆ, ಏಕೆಂದರೆ ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ದಪ್ಪ. ಅಡ್ಡಡ್ಡವಾಗಿ ಬಂದ ಕಣವಿದ್ದರೆ ಅದು ಆಕಾಶದಿಂದ ನೇರ ಬಂದಿರಲಾರದು. ನ್ಯೂಟ್ರಿನೋ ಒಂದು ಪಕ್ಕದ ಬಂಡೆಗೆ ತಾಗಿ ಅಲ್ಲೇ ಹುಟ್ಟಿಸಿದ ಮ್ಯುಯಾನ್ ಆಗಿರಬೇಕು. ಆದ್ದರಿಂದ ಉಪಕರಣವನ್ನು ಚಾವಣಿಯಂತೆ ಹಾಸದೆ ಗೋಡೆಯಂತೆ ನಿಲ್ಲಿಸಿದರು. ಎರಡು ಕಡೆ ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ ಗೋಡೆ, ನಡುವೆ ಸೀಸದ ಹಲಗೆ, ಕಣ ಸಾಗಿದ ದಾರಿಯನ್ನು ಬೆಳಕಿನ ಗೆರೆಯಾಗಿ ತೋರಿಸುವ ನಿಯಾನ್ ಕೊಳವೆಗಳು.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ ರೈನ್ಸ್ ತಂಡವೂ ಹೊಂಚುಹಾಕಿತ್ತು. ಅವರ ಮೊದಲ ಗೆರೆ 1965ರ ಫೆಬ್ರುವರಿ 23ರಂದು ಸಿಕ್ಕಿತು, ಕೋಲಾರದ್ದು ಏಪ್ರಿಲ್‌ನಲ್ಲಿ. ಪ್ರಕಟಣೆಯಲ್ಲಿ ಕೋಲಾರ ಮುಂದೆ: ಇಲ್ಲಿನ ಪ್ರಬಂಧ ಆಗಸ್ಟ್ 15ರಂದು ಹೊರಬಂತು, ರೈನ್ಸ್ ತಂಡದ್ದು 30ರಂದು. ಯಾರು ಮೊದಲು ಎಂಬುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಎರಡು ಖಂಡಗಳಲ್ಲಿ, ಎರಡು ಬೇರೆ ತಂಡಗಳು, ಬೇರೆ ಬೇರೆ ಉಪಕರಣ ಹಿಡಿದು ಒಂದೇ ಉತ್ತರಕ್ಕೆ ಬಂದವು. ಒಬ್ಬರ ಕಣ್ಣು ಮೋಸ ಹೋಗಿರಬಹುದು ಎಂಬ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಗಣಿ ಇನ್ನೊಂದು ವಿಚಿತ್ರವನ್ನೂ ತೋರಿಸಿತು. ಉಪಕರಣದ ಆಚೆಯ ಗಾಳಿಯಲ್ಲಿ ಎಲ್ಲೋ ಒಂದೇ ಬಿಂದುವಿನಿಂದ ಹಲವು ಗೆರೆಗಳು ಕವಲೊಡೆದಂತಹ ಕೆಲವು ಚಿತ್ರಗಳು ಸಿಕ್ಕವು. ಆವರೆಗೆ ತಿಳಿಯದ ಭಾರವಾದ ಕಣವೊಂದು ಅಲ್ಲಿ ಒಡೆಯಿತೇ? ತಂಡ 1975ರಲ್ಲಿ ಅವನ್ನು ಜಗತ್ತಿನ ಮುಂದಿಟ್ಟಿತು. ‘ಕೋಲಾರ್ ಈವೆಂಟ್ಸ್’ ಎಂಬ ಹೆಸರು ಅವಕ್ಕೆ ಅಂಟಿಕೊಂಡಿತು. ಬೇರೆಡೆ ಹುಡುಕಿದವರಿಗೆ ಅಂಥದ್ದು ಕಾಣಲಿಲ್ಲ. ಯಾರೂ ಅವನ್ನು ಸುಳ್ಳು ಎನ್ನಲಿಲ್ಲ, ಪಠ್ಯಪುಸ್ತಕಕ್ಕೂ ಸೇರಿಸಲಿಲ್ಲ. 2014ರಲ್ಲಿ ಕೂಡ ಚೆನ್ನೈನ ಭೌತವಿಜ್ಞಾನಿಗಳು ಇವು ಡಾರ್ಕ್ ಮ್ಯಾಟರ್‌ನ ಕುರುಹಾಗಿರಬಹುದೇ ಎಂದು ಮತ್ತೆ ಕೇಳಿದ್ದಾರೆ. ಕಡತ ಇನ್ನೂ ಮುಚ್ಚಿಲ್ಲ.

ಕೋಲಾರದ ಅತಿ ದೊಡ್ಡ ಪರೀಕ್ಷೆ ಬಂದದ್ದು 1980ರಲ್ಲಿ. ಎಲ್ಲ ವಸ್ತುಗಳ ಬುನಾದಿಯಾದ ಪ್ರೋಟಾನ್ ಶಾಶ್ವತವೇ? ಅಲ್ಲ, ಅದೂ ಒಂದು ದಿನ ಅಳಿಯುತ್ತದೆ ಎಂದು 1970ರ ದಶಕದ ಕೆಲವು ಸಿದ್ಧಾಂತಗಳು ಹೇಳಿದವು. ಒಡಿಶಾ ಮೂಲದ ಜೋಗೇಶ್ ಪತಿ ಮತ್ತು ಪಾಕಿಸ್ತಾನದ ಅಬ್ದುಸ್ ಸಲಾಂ ಒಂದು ಬಗೆಯಲ್ಲಿ, ಅಮೆರಿಕದ ಜಾರ್ಜಿ ಮತ್ತು ಗ್ಲಾಶೋ 1974ರಲ್ಲಿ ಇನ್ನೊಂದು ಬಗೆಯಲ್ಲಿ. ನಿಸರ್ಗದ ಮೂರು ಬಲಗಳನ್ನು ಒಂದೇ ಸೂತ್ರಕ್ಕೆ ಪೋಣಿಸುವ ಜಾರ್ಜಿ–ಗ್ಲಾಶೋ ಸಿದ್ಧಾಂತದ ಚೆಲುವಿಗೆ ಭೌತವಿಜ್ಞಾನಿಗಳು ಮನಸೋತಿದ್ದರು. ಅದರ ಲೆಕ್ಕದಲ್ಲಿ ಪ್ರೋಟಾನಿನ ಆಯುಸ್ಸು 1ರ ಮುಂದೆ ಸುಮಾರು 30 ಸೊನ್ನೆ ಇಟ್ಟಷ್ಟು ವರ್ಷ. ವಿಶ್ವದ ವಯಸ್ಸಾದರೋ 1,380 ಕೋಟಿ ವರ್ಷ ಮಾತ್ರ.

ಅಷ್ಟು ಕಾಲ ಕಾಯಬೇಕಿಲ್ಲ, ಅಷ್ಟು ಪ್ರೋಟಾನ್‌ಗಳನ್ನು ಒಂದೆಡೆ ಗುಡ್ಡೆ ಹಾಕಿದರೆ ಸಾಕು. ಒಂದು ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ 6ರ ಮುಂದೆ 29 ಸೊನ್ನೆ ಇಟ್ಟಷ್ಟು ಕಣಗಳಿವೆ. 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ ಉಪಕರಣ ಎದ್ದಿತು, ಕಬ್ಬಿಣದ ಹಲಗೆಗಳ ನಡುವೆ ಕಣ ಗುರುತಿಸುವ ಕೊಳವೆಗಳ ಸಾಲು. ಪ್ರೋಟಾನ್ ಅಳಿವಿಗೆಂದೇ ಜಗತ್ತಿನಲ್ಲಿ ಮೊದಲು ಕಟ್ಟಿದ ಶೋಧಕ ಇದು. 1981ರಲ್ಲಿ ತಂಡ, ಅಳಿವಿನಂತೆ ಕಾಣುವ ಕೆಲವು ಘಟನೆಗಳು ಸಿಕ್ಕಿವೆ ಎಂದಿತು. ಆ ಸುದ್ದಿ ಜಗತ್ತಿನ ಪ್ರಯೋಗಾಲಯಗಳ ಕಿವಿ ನೆಟ್ಟಗಾಗಿಸಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿ ಅಕ್ಷರಶಃ ನಡೆಯಿತು. ಕೋಲಾರದ ಗೆರೆಗಳಲ್ಲಿ ಕೆಲವು ಉಪಕರಣದ ಅಂಚಿಗೆ ಹತ್ತಿರವಿದ್ದವು. ಅವು ಒಳಗೇ ಹುಟ್ಟಿದವೋ ಹೊರಗಿನಿಂದ ನುಸುಳಿದವೋ ಹೇಳುವುದು ಕಷ್ಟ. ಒಳಗೆ ಬಂದು ಡಿಕ್ಕಿ ಹೊಡೆದ ನ್ಯೂಟ್ರಿನೋ ಕೂಡ ಪ್ರೋಟಾನ್ ಅಳಿದಂತೆಯೇ ವೇಷ ತೋರಬಲ್ಲದು. ಇದಕ್ಕೆ ಉತ್ತರ ಇನ್ನೂ ದೊಡ್ಡ ಉಪಕರಣ. ಅಮೆರಿಕದ ಓಹಾಯೊದ ಉಪ್ಪಿನ ಗಣಿಯಲ್ಲಿ ಐಎಂಬಿ ತಂಡ ಸಾವಿರಾರು ಟನ್ ನೀರು ತುಂಬಿ ಕಾದಿತು. 1983ರ ಹೊತ್ತಿಗೆ ಅದರ ಉತ್ತರ ಸ್ಪಷ್ಟವಾಗಿತ್ತು: ಜಾರ್ಜಿ–ಗ್ಲಾಶೋ ಹೇಳಿದ ಬಗೆಯ ಅಳಿವು ಇಲ್ಲ. ಅದೇ ವರ್ಷ ಜಪಾನಿನ ಕಾಮಿಯೋಕಾ ಗಣಿಯಲ್ಲಿ 3,000 ಟನ್ ನೀರಿನ ಕಾಮಿಯೋಕಾಂಡೆ ಕೆಲಸ ಶುರುಮಾಡಿತು. ಅದಕ್ಕೂ ಸಿಗಲಿಲ್ಲ. ಅಷ್ಟು ಚೆಲುವಾದ ಸಿದ್ಧಾಂತದ ಸರಳ ರೂಪವನ್ನು ಭೌತವಿಜ್ಞಾನಿಗಳು ಕೆಳಗಿಟ್ಟರು. ಅದನ್ನು ಅತಿಯಾಗಿ ಮೆಚ್ಚಿದವರೇ ಕೆಳಗಿಟ್ಟರು.

ಕೋಲಾರದವರು ಕೈಕಟ್ಟಿ ಕೂರಲಿಲ್ಲ. 1980ರ ದಶಕದ ನಡುವಿನಲ್ಲಿ 260 ಟನ್‌ನ ಎರಡನೆಯ ಉಪಕರಣ ಕಟ್ಟಿ ತಮ್ಮ ಮೊದಲ ಫಲಿತಾಂಶವನ್ನು ತಾವೇ ಮತ್ತೆ ಪರೀಕ್ಷೆಗೆ ಒಡ್ಡಿದರು. ಇದನ್ನು ಸೋಲು ಎಂದು ಬರೆದು ಮುಗಿಸುವುದು ಅನ್ಯಾಯ. ಕೋಲಾರ ಮೊದಲು ಇಳಿಯದಿದ್ದರೆ ಪ್ರಶ್ನೆ ಕಾಗದದ ಮೇಲೇ ಉಳಿಯುತ್ತಿತ್ತು.

ಪ್ರೋಟಾನಿಗಾಗಿ ಕಾದವರಿಗೆ ಸಿಕ್ಕಿದ್ದು ಬೇರೆ. ನೆರೆಯ ಗ್ಯಾಲಕ್ಸಿಯಲ್ಲಿ ಸ್ಫೋಟಿಸಿದ ತಾರೆಯಿಂದ 1987ರ ಫೆಬ್ರುವರಿ 23ರಂದು ಬಂದ ನ್ಯೂಟ್ರಿನೋಗಳಲ್ಲಿ ಕಾಮಿಯೋಕಾಂಡೆ 11ನ್ನು, ಐಎಂಬಿ 8ನ್ನು ಹಿಡಿದವು. ಕಾಮಿಯೋಕಾಂಡೆಯ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳು ಪ್ರೋಟಾನ್ ಹುಡುಕಾಟಕ್ಕೆ ಕಳೆಯಂತೆ ಅಡ್ಡ ಬರುತ್ತಿದ್ದವು. ಅವನ್ನು 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಎಣಿಸಿದಾಗ ಸಿದ್ಧಾಂತ ಹೇಳಿದ್ದಕ್ಕಿಂತ ಸಂಖ್ಯೆ ಕಡಿಮೆ ಇತ್ತು. ದಾರಿಯಲ್ಲಿ ಅವು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುತ್ತವೆ, ಅಂದರೆ ಅವಕ್ಕೆ ತೂಕವಿದೆ ಎಂದು 1998ರಲ್ಲಿ ಜಗತ್ತಿಗೆ ತಿಳಿಯಿತು. ನ್ಯೂಟ್ರಿನೋಗೆ ತೂಕವಿಲ್ಲ ಎಂದು ದಶಕಗಳ ಕಾಲ ಕಲಿಸಿದ್ದ ಸಿದ್ಧಾಂತ ತಿದ್ದುಪಡಿಗೆ ಒಳಗಾಯಿತು. ಸೂಪರ್ ಕಾಮಿಯೋಕಾಂಡೆಯ ತಕಾಕಿ ಕಾಜಿತಾ 2015ರ ನೊಬೆಲ್ ಹಂಚಿಕೊಂಡರು. ಈ ವಾತಾವರಣದ ನ್ಯೂಟ್ರಿನೋಗಳನ್ನು ಮೊದಲು ಕಂಡು ಪ್ರಕಟಿಸಿದ್ದು 1965ರ ಕೋಲಾರ.

ಅಷ್ಟರಲ್ಲಿ ಕೋಲಾರದ ಬಾಗಿಲು ಮುಚ್ಚುತ್ತಿತ್ತು. ಚಿನ್ನ ಕಡಿಮೆಯಾಯಿತು, ಅಗೆಯುವ ಖರ್ಚು ಏರಿತು, ನಷ್ಟ ಬೆಳೆಯಿತು. 1992ರ ಸುಮಾರಿಗೆ ಪ್ರಯೋಗಗಳು ನಿಂತವು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿತು. ಸಾವಿರಾರು ಕುಟುಂಬಗಳ ಅನ್ನ ಹೋಯಿತು. ದೇಶಕ್ಕೆ ಮತ್ತೊಂದು ಆಳದ ಪ್ರಯೋಗಾಲಯ ಬೇಕೆಂದು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ನ್ಯೂಟ್ರಿನೋ ವೀಕ್ಷಣಾಲಯ ಯೋಜಿಸಲಾಯಿತು. 2015ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕರೂ ಬೆಟ್ಟದ, ನೀರಿನ ಆತಂಕ ಮುಂದಿಟ್ಟ ಸ್ಥಳೀಯರ ವಿರೋಧದಿಂದ ಅದು ನಿಂತುಹೋಗಿದೆ.

ಪ್ರೋಟಾನ್ ಅಳಿದದ್ದನ್ನು ಇದುವರೆಗೂ ಯಾರೂ ಕಂಡಿಲ್ಲ. ಅಳಿಯುವುದೇ ಆದರೆ ಅದರ ಆಯುಸ್ಸು 1ರ ಮುಂದೆ 34 ಸೊನ್ನೆ ಇಟ್ಟಷ್ಟು ವರ್ಷಕ್ಕೂ ಹೆಚ್ಚು ಎಂಬಲ್ಲಿಗೆ ಸೂಪರ್ ಕಾಮಿಯೋಕಾಂಡೆ ತಂದು ನಿಲ್ಲಿಸಿದೆ. ಜಪಾನಿನಲ್ಲಿ ಈಗ ಸುಮಾರು 2.6 ಲಕ್ಷ ಟನ್ ನೀರು ಹಿಡಿಯುವ ಹೈಪರ್ ಕಾಮಿಯೋಕಾಂಡೆ ಸಜ್ಜಾಗುತ್ತಿದೆ. ಕೋಲಾರದ ಕೊನೆಯ ಉಪಕರಣಕ್ಕಿಂತ ತೂಕದಲ್ಲಿ ಸಾವಿರ ಪಟ್ಟು ದೊಡ್ಡದಾದ ಅದು, ಚಾಂಪಿಯನ್ ರೀಫ್‌ನ ಸುರಂಗದಲ್ಲಿ ಕೇಳಿದ ಅದೇ ಪ್ರಶ್ನೆಯನ್ನು ಕೇಳಲಿದೆ.